ಬಾಯಿ ತೆರೆಯದ ದಂತವೈದ್ಯ

ಡಾಕ್ಟರ್ ರೆಂತನ ಮುಂದೆ ಬಾಯಿ ತೆರೆಯದವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಡಾಕ್ಟರ್ ರೆಂತನ ಬಾಯಿಯ ಒಳಗನ್ನು ನೋಡಿದವರೂ ಯಾರೂ ಇಲ್ಲ. ಬೆಳಿಗ್ಗೆ ಮೋಟಾರ್ ಬೈಕಿನಿಂದ ಇಳಿಯುವಾಗಲೇ ಅವನ ಮೂಗಿನ ಮೇಲೆ ಹಸಿರು ಮುಖಗವಸು ಇರುತ್ತಿತ್ತು. ನನ್ನ ಅಂಗಡಿಗೆ ಕಾಫಿಗೆ ಬಂದರೆ ಗವಸಿನ ಕೆಳಅಂಚನ್ನು ಎರಡು ಬೆರಳಲ್ಲಿ ಎತ್ತಿ, ಸ್ಟ್ರಾ ತೂರಿಸಿ, ಸುಡುವ ಕಾಫಿಯನ್ನು ಎಳನೀರಿನಂತೆ ಹೀರುತ್ತಿದ್ದ. ನಗು ಬಂದರೆ ಕಣ್ಣಿನಲ್ಲೇ ಮುಗಿಸುತ್ತಿದ್ದ. ಜನ ಇದನ್ನು ಶುಚಿತ್ವ ಎಂದು ತಿಳಿದು, ಅವನೆದುರು ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದರು.

ಅವನ ದವಾಖಾನೆಗೂ ನನ್ನ ಅಂಗಡಿಗೂ ನಡುವೆ ಇರುವುದು ಬಿದಿರು ಹೆಣೆದ ಒಂದೇ ಗೋಡೆ. ಅಲ್ಲಿ ಯಂತ್ರ ತಿರುಗಿದರೆ ಇಲ್ಲಿ ನನ್ನ ಸಕ್ಕರೆ ಡಬ್ಬಿಯ ಮುಚ್ಚಳ ನಡುಗುತ್ತದೆ. ಅಲ್ಲಿ ಯಾರಾದರೂ "ಅಯ್ಯೋ" ಅಂದರೆ ಇಲ್ಲಿ ಹುರಿದ ಬಾಳೆಹಣ್ಣು ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿ, ಬಳಿಕ ಮುಂದುವರಿಸುತ್ತಾರೆ. ಹಾಗಾಗಿ ಈ ಕಥೆಯ ಹೆಚ್ಚಿನ ಭಾಗವನ್ನು ನಾನು ಕೂತಲ್ಲಿಂದಲೇ ಕೇಳಿಸಿಕೊಂಡೆ. ಕದ್ದು ಕೇಳಿದೆ ಅನ್ನುವವರು ಬಂದು ಆ ಗೋಡೆಯನ್ನು ನೋಡಲಿ.

ಹಲ್ಲಿಗೆ ಅರ ಹಾಕಿಸುವುದು ನಮ್ಮಲ್ಲಿ ಮದುವೆಗಿಂತ ದೊಡ್ಡ ಕೆಲಸ. ಮಕ್ಕಳು ವಯಸ್ಸಿಗೆ ಬಂದ ಮೇಲೆ ಮೇಲಿನ ಸಾಲಿನ ಆರು ಹಲ್ಲುಗಳನ್ನು ಅರದಿಂದ ತೀಡಿ ಸಮ ಮಾಡಿಸುತ್ತೇವೆ. ಕಾಮ, ಕ್ರೋಧ, ಲೋಭ ಮೊದಲಾದ ಆರೂ ಆ ಹಲ್ಲುಗಳ ತುದಿಯಲ್ಲಿ ಕೂತಿರುತ್ತವೆಯಲ್ಲ! ಅಪ್ಪನಾದವನು ಮಗನಿಗೆ ಮಾಡಬೇಕಾದ ಕೊನೆಯ ಕೆಲಸ ಅದು. ಅದಾದ ಮೇಲೆ ಅವನು ನಿಶ್ಚಿಂತೆಯಿಂದ ಸಾಯಬಹುದು. ಅರ ಕಾಣದ ಕೋರೆಹಲ್ಲು ಹೊತ್ತು ಆಚೆ ಲೋಕಕ್ಕೆ ಹೋದರೆ ಅಲ್ಲಿರುವ ಹಿರಿಯರು ಮೊಮ್ಮಗನ ಗುರುತು ಹಿಡಿಯುವುದಿಲ್ಲ. ಯಾವುದೋ ರಾಕ್ಷಸ ಬಂತು ಅಂತ ಬಾಗಿಲು ಹಾಕಿಕೊಳ್ಳುತ್ತಾರೆ.

ರೆಂತನ ಅಪ್ಪನ ಹೆಸರು ನಾಂಗ್ ರೆಂತ. ಅಂದರೆ ರೆಂತನ ಅಪ್ಪ. ಮಗು ಹುಟ್ಟಿದ ದಿನವೇ ಅಪ್ಪನ ಸ್ವಂತ ಹೆಸರು ಹೋಗಿಬಿಡುವುದು ನಮ್ಮಲ್ಲಿ ವಾಡಿಕೆ. ಹೆಸರಿನ ಜೊತೆ ನಾಂಗ್ ರೆಂತನ ಮಿಕ್ಕದ್ದೆಲ್ಲವೂ ಮಗನದಾಗಿತ್ತು. ಕಾಳಗದ ಹುಂಜಗಳಿಗೆ ಬುಟ್ಟಿ ಹೆಣೆದು ಮಗನನ್ನು ದೂರದ ಪಟ್ಟಣವಾದ ದೆನ್‌ಪಸಾರಿನಲ್ಲಿ ಓದಿಸಿದ. ಪ್ರತಿ ವರ್ಷವೂ ಒಂದು ಹಂದಿಮರಿ ತಂದು, "ಇದು ಮಗನ ಹಲ್ಲಿಗೆ" ಅಂತ ಕೇರಿಗೆಲ್ಲ ಸಾರಿ ಸಾಕುತ್ತಿದ್ದ. ಹಂದಿ ಕೊಬ್ಬುವ ಹೊತ್ತಿಗೆ ರೆಂತನಿಗೆ ಪರೀಕ್ಷೆ ಬರುತ್ತಿತ್ತು. ಇನ್ನೊಂದು ಹಂದಿ ಕೊಬ್ಬುವ ಹೊತ್ತಿಗೆ ಅವನಿಗೆ ಕಾಮಾಲೆ ಬಂತು. ಡಾಕ್ಟರಾದ ಮೇಲೆ, ಹಲ್ಲಿನ ಹೊರಪದರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ ಎಂಬ ವಿಜ್ಞಾನ ಬಂತು. ಎರಡು ಕಡೆಯಿಂದ ಹೆಣ್ಣು ಕೊಡಲು ಬಂದರು. ಮದುವೆಗೆ ಮುಂಚೆ ಅರ ಹಾಕಿಸಲೇಬೇಕಲ್ಲ, ಎರಡೂ ಸಲ ರೆಂತ, "ಹುಡುಗಿಯ ಮೇಲ್ದವಡೆಗೂ ಕೆಳದವಡೆಗೂ ಹೊಂದಾಣಿಕೆ ಇಲ್ಲ" ಎಂದು ವೈದ್ಯಕೀಯ ಅಭಿಪ್ರಾಯ ಕೊಟ್ಟು ಕಳಿಸಿದ. ಅವನ ತಲೆಗೂದಲು ಬೆಳ್ಳಗಾಗತೊಡಗಿತು. ಹಂದಿಗಳು ಬಂದವು, ಹೋದವು.

ಹೀಗಿರುವಾಗ ನಮ್ಮ ಹೈಸ್ಕೂಲಿನವರು, ಮಕ್ಕಳು ಮುಂದೆ ಏನಾಗಬೇಕು ಎಂದು ಹೇಳಿಕೊಡಲು ಅವನನ್ನು ಕರೆದರು. ಕಾಫಿ ಒದಗಿಸುವ ನೆಪದಲ್ಲಿ ನಾನೂ ಹೋದೆ. ರೆಂತ ಸಕ್ಕರೆಯ ಬಗ್ಗೆ, ಹುಳುಕಿನ ಬಗ್ಗೆ ಚೆನ್ನಾಗಿಯೇ ಮಾತಾಡಿದ. ಇನ್ನೇನು ಮುಗಿಯಿತು ಅನ್ನುವಾಗ ಹಿಂದಿನ ಸಾಲಿನಿಂದ ಸಾದ್ರಿ ಎದ್ದಳು. ತಂದೆಯಿಲ್ಲದ ಹುಡುಗಿ; ತಾಯಿ ಬಸ್ ನಿಲ್ದಾಣದಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಾಳೆ.

"ಡಾಕ್ಟ್ರೇ, ದಿನಾ ಪೂರ್ತಿ ಬೇರೆಯವರ ಎಂಜಲು ಬಾಯಿಗೆ ಕೈ ಹಾಕೋ ಕೆಲಸ. ಇದೇ ಬೇಕು ಅಂತ ನಿಮಗೆ ಯಾಕೆ ಅನ್ನಿಸ್ತು?"

ಸಭೆ ನಕ್ಕಿತು. ರೆಂತ ನಗಲಿಲ್ಲ. ಮೈಕಿನಲ್ಲಿ ಅವನ ಉಸಿರಾಟ ಗಾಳಿ ಬೀಸಿದಂತೆ ಕೇಳಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಹೆಡ್ಮಾಸ್ಟರು ಉತ್ತರ ಬಹಳ ಘನವಾದದ್ದು ಬರಲಿದೆ ಎಂದು ಕೈ ಕಟ್ಟಿ ಕೂತರು. ಘನವಾಗಿ ಕೂತವರನ್ನು ನಿರಾಶೆ ಮಾಡುವ ಧೈರ್ಯ ರೆಂತನಿಗೆ ಯಾವತ್ತೂ ಇರಲಿಲ್ಲ.

"ನನ್ನ ಹಲ್ಲಿಗೆ ಅರ ಹಾಕಿದ ದಿನ," ಎಂದು ಅವನು ಶುರು ಮಾಡಿದ, "ದೆನ್‌ಪಸಾರಿನಲ್ಲಿ ಓದುತ್ತಿದ್ದೆ. ಹಳದಿ ಬಟ್ಟೆಯ ಕೆಳಗೆ ಮಲಗಿದ್ದೆ. ಅರ ಹಾಕುವ ಹಿರಿಯರ ಕೈ ನನ್ನ ತುಟಿಯ ಮೇಲೆ ಹಕ್ಕಿ ಕೂತ ಹಾಗೆ ಕೂತಿತು. ಒಂದಿಷ್ಟೂ ನೋವಿಲ್ಲ! ಲೋಕದಲ್ಲಿ ಇಂಥ ಕೈಗಳೂ ಇವೆಯಲ್ಲ, ಇದೇ ಕೈ ನನಗೂ ಬೇಕು ಅಂತ ಆ ಗಳಿಗೆಯಲ್ಲಿ ಅನ್ನಿಸಿತು."

ಹೆಡ್ಮಾಸ್ಟರು ಕಣ್ಣೊರೆಸಿಕೊಂಡರು. ಚಪ್ಪಾಳೆಗೆ ಛಾವಣಿಯ ಪಾರಿವಾಳಗಳು ಹಾರಿಹೋದವು. ನಾನೂ ತಟ್ಟಿದೆ. ತಟ್ಟುತ್ತಾ ತಟ್ಟುತ್ತಾ ನನ್ನ ಕೈ ನಿಂತಿತು. ಅರ ಹಾಕಿಸಿದ್ದನಾ? ಯಾವಾಗ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಗ್ಗರಣೆಯ ಸೌಟು ಹಿಡಿದೇ ಬೀದಿಗೆ ಬಂದಳು.

"ಹಾಕಿಸ್ಬಿಟ್ರಾ? ನಮ್ಮನ್ನ ಕರೀದೆ? ಅವನ ತಾಯಿ ಸತ್ತಾಗ ಅವರ ಮನೆ ಅಕ್ಕಿ ತೊಳೆದೋಳು ನಾನು! ಒಂದು ಎಲೆ ಊಟ ಹಾಕೋ ಯೋಗ್ಯತೆ ಇರ್ಲಿಲ್ವಾ ಆ ಮುದುಕನಿಗೆ?"

ಸುದ್ದಿ ಕೇರಿಯ ಮುಖ್ಯಸ್ಥ ಮಂಡ್ರನ ಕಿವಿಗೆ ಬೀಳುವಷ್ಟರಲ್ಲಿ ಸಂಜೆಯಾಗಿತ್ತು. ಮಂಡ್ರ ದಪ್ಪನೆಯ ಮನುಷ್ಯ, ನ್ಯಾಯದ ವಿಷಯದಲ್ಲಿಯೂ ಮಾಂಸದ ವಿಷಯದಲ್ಲಿಯೂ ಬಹಳ ಕಟ್ಟುನಿಟ್ಟು. ನಮ್ಮಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಕೇರಿಯ ಗಂಡಸರು ನಸುಕಿನಲ್ಲೇ ತಮ್ಮ ತಮ್ಮ ಕತ್ತಿ ಹಿಡಿದು ಹೋಗಿ, ಸಾಲಾಗಿ ಕೂತು ಮಾಂಸ, ತೆಂಗಿನಕಾಯಿ, ಮಸಾಲೆ ಕೊಚ್ಚಿಕೊಡಬೇಕು. ಕರೆಯದಿರುವುದೆಂದರೆ, 'ನಿನ್ನ ಕತ್ತಿ ನಮಗೆ ಬೇಡ' ಎಂದ ಹಾಗೆ.

"ಆ ಹಂದಿಗಳನ್ನ ಮರಿಯಿಂದ ನೋಡಿದ್ದೀನಯ್ಯ ನಾನು," ಎಂದ ಮಂಡ್ರ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು. "ಬೇಲಿ ಹತ್ರ ನಿಂತು ಬೆನ್ನು ಕೆರೀತಿದ್ದೆ. ನಮ್ಮ ಡಾಕ್ಟ್ರ ಹಲ್ಲಿನ ಹಂದಿ ಅಂತ. ಬರೀ ಹಂದಿ ಪ್ರಶ್ನೆ ಅಲ್ಲ ಇದು. ಮರ್ಯಾದೆ ಪ್ರಶ್ನೆ. ನಡೀರಿ, ಹೋಗಿ ಕೇಳೇಬಿಡೋಣ."

ನಾವು ಒಂದು ಹಿಂಡು ಜನ ಹೊರಟೆವು. ದಾರಿಯಲ್ಲಿ ಲಾನುಸ್ ಅಜ್ಜನೂ ಕೂಡಿಕೊಂಡರು. ನಮ್ಮೆಲ್ಲರ ಹಲ್ಲಿಗೆ ಅರ ಹಾಕಿದವರು ಅವರೇ. ಆರು ತಿಂಗಳಿಂದ ಕೈ ನಡುಗುತ್ತಿತ್ತು, ಬಾಯಿ ಮಾತ್ರ ಗಟ್ಟಿಯಾಗಿತ್ತು. "ದೆನ್‌ಪಸಾರಿನಲ್ಲಿ ಯಾರಯ್ಯ ಹಾಕಿದ್ದು? ನನಗಿಂತ ಹಕ್ಕಿ ಕೈಯಾ ಅವನದು?"

ನಾಂಗ್ ರೆಂತ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಪಕ್ಕದ ಗೂಡಿನಲ್ಲಿ ಈ ವರ್ಷದ ಹಂದಿ ಏನೂ ಅರಿಯದೆ ಬಾಳೆದಿಂಡು ಮೆಲ್ಲುತ್ತಿತ್ತು. ಮಂಡ್ರ ಅದರ ಕಡೆ ನೋಡದಿರಲು ಪ್ರಯತ್ನಿಸುತ್ತಾ ಕೇಳಿದ:

"ಏನಪ್ಪಾ, ನಿನ್ನ ಮಗನ ಹಲ್ಲಿಗೆ ಅರ ಆಗಿದೆಯಂತೆ? ಸ್ಕೂಲಲ್ಲಿ ಮೈಕಲ್ಲಿ ಹೇಳಿದ್ದಾನೆ. ನಿಜಾನಾ?"

ಬಿದಿರಿನ ಸೀಳು ಮುದುಕನ ಬೆರಳಲ್ಲಿ ನಿಂತಿತು. ಅದೇ ಹೊತ್ತಿಗೆ ಬಾಗಿಲಲ್ಲಿ ರೆಂತನ ಬೈಕು ಬಂದು ನಿಂತಿತು. ಅಂಗಳದ ತುಂಬ ಜನ, ಮಧ್ಯದಲ್ಲಿ ಅಪ್ಪ. ಅವನು ಬೈಕಿನಿಂದ ಇಳಿಯಲೂ ಇಲ್ಲ, ತಿರುಗಿ ಹೋಗಲೂ ಇಲ್ಲ. ಗವಸಿನ ಮೇಲೆ ಕಣ್ಣುಗಳು ಮಾತ್ರ ಅಗಲವಾದವು. ಮುದುಕ ಆ ಕಣ್ಣುಗಳನ್ನು ನೋಡಿದ. ನಾನು ನೋಡಿದ ಹಾಗೆ, ಅವನಿಗೆ ಎಲ್ಲವೂ ಅಲ್ಲೇ ತಿಳಿದುಹೋಯಿತು.

"ಹೂಂ," ಎಂದ. "ಆಗಿದೆ. ನಾನೇ ಹೋಗಿದ್ದೆ."

"ನೀನು ದೆನ್‌ಪಸಾರಿಗೆ ಯಾವತ್ತು ಹೋದೆ? ನಿನಗೆ ಬಸ್ ಹತ್ತಿದ್ರೆ ವಾಂತಿ ಆಗುತ್ತಲ್ಲ?"

"ವಾಂತಿ ಮಾಡ್ಕೊಂಡೇ ಹೋಗಿದ್ದೆ."

"ಹಾಗಾದ್ರೆ ಈ ಹಂದಿ?"

"ಹಂದಿ ಅಭ್ಯಾಸಕ್ಕೆ ಸಾಕ್ತಿದ್ದೀನಿ."

ನನ್ನ ಹೆಂಡತಿ ಮೊದಲು ಚೇತರಿಸಿಕೊಂಡಳು. "ನಾಚ್ಕೆ ಆಗ್ಬೇಕು ನಿಂಗೆ ಮಾವ. ಸಾಯೋ ವಯಸ್ಸಲ್ಲಿ ಊರಿಗೆ ಮೋಸ."

"ಆಗ್ತಿದೆ ತಾಯಿ," ಎಂದ ಮುದುಕ.

ಮಂಡ್ರ ಅಲ್ಲೇ ತೀರ್ಪು ಕೊಟ್ಟ. ಮುಂದಿನ ತಿಂಗಳು ಕೇರಿಯ ಹುಡುಗ ಹುಡುಗಿಯರಿಗೆ ಒಟ್ಟಿಗೆ ಅರ ಹಾಕಿಸುವುದು ನಿಗದಿಯಾಗಿತ್ತು. ಲಾನುಸ್ ಅಜ್ಜನ ಕೈ ನಡುಗುವುದರಿಂದ ಆ ಕೆಲಸವನ್ನು ಡಾಕ್ಟರ್ ರೆಂತ ಮಾಡಿಕೊಡಬೇಕು; ಆ ಹಂದಿ ಊಟಕ್ಕಾಗಬೇಕು. ಅಲ್ಲಿಗೆ ತಪ್ಪು ಚುಕ್ತಾ.

"ತಡೀರಿ," ಎಂದರು ಲಾನುಸ್ ಅಜ್ಜ. "ತನ್ನ ಹಲ್ಲಿಗೆ ಅರ ಬೀಳದೋನು ಬೇರೆಯವರ ಹಲ್ಲಿಗೆ ಅರ ಇಡಬಾರದು. ಕೈಗೆ ದೋಷ ಬರುತ್ತೆ. ಅಪ್ಪನಾದೋನು ಮನೆದೇವರ ಮುಂದೆ ಹೂವು ಹಿಡಿದು, ನನ್ನ ಕೆಲಸ ಆಗಿದೆ ಅಂತ ಹೇಳ್ಬೇಕು. ಆಮೇಲೆ ಅವನ ಕೈಗೆ ಅರ."

ಬೈಕಿನ ಮೇಲಿಂದ ರೆಂತ ಏನೋ ಅಂದ. ಗವಸಿನೊಳಗೆ ಯಾರಿಗೂ ಕೇಳಿಸಲಿಲ್ಲ. "ಬೇಡ" ಅಂದ ಹಾಗಿತ್ತು. ಮುದುಕ ಆಗಲೇ ಎದ್ದು ಕೈಕಾಲು ತೊಳೆಯಲು ಹೋಗಿದ್ದ. ಊದುಬತ್ತಿ ಹಚ್ಚಿ, ಹೂವನ್ನು ಬೆರಳ ತುದಿಯಲ್ಲಿ ಹಿಡಿದು ಹಣೆಗೆತ್ತಿಕೊಂಡು ತಂದೆ ತಾತಂದಿರ ಗುಡಿಯ ಮುಂದೆ ಕೂತ. ಏನು ಹೇಳಿದನೋ, ಬಹಳ ಹೊತ್ತು ಹೇಳಿದ. ಹೂವು ಕೆಳಗಿಟ್ಟು ಎದ್ದಾಗ, ಇಷ್ಟು ವರ್ಷ ಕೂಡಿಟ್ಟಿದ್ದನ್ನು ಯಾರಿಗೋ ಕೊಟ್ಟು ಬಂದವನ ಹಾಗೆ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ.

ಆಮೇಲಿನ ದಿನಗಳಲ್ಲಿ ರೆಂತ ತಪ್ಪಿಸಿಕೊಳ್ಳಲು ತನಗೆ ತಿಳಿದ ವಿದ್ಯೆಯನ್ನೆಲ್ಲ ಉಪಯೋಗಿಸಿದ. ತನಗೆ ಜ್ವರ ಎಂದ. ಮಂಡ್ರ ಬಂದು ಹಣೆ ಮುಟ್ಟಿ ನೋಡಿ, "ನನ್ನದೇ ಬಿಸಿಯಾಗಿದೆ" ಎಂದು ಹೋದ. ಹಲ್ಲಿನ ಹೊರಪದರದ ದೊಡ್ಡ ಚಿತ್ರ ತೂಗುಹಾಕಿ ಕೇರಿಯ ಸಭೆಗೆ ಉಪನ್ಯಾಸ ಕೊಟ್ಟ. ಸಭೆ ಗಮನವಿಟ್ಟು ಕೇಳಿ, ಇಷ್ಟೆಲ್ಲ ತಿಳಿದವನಿಗಿಂತ ಯೋಗ್ಯ ಇನ್ನೊಬ್ಬನಿಲ್ಲ ಎಂದು ತೀರ್ಮಾನಿಸಿತು. ಲಾನುಸ್ ಅಜ್ಜ ದವಾಖಾನೆಗೇ ಬಂದು ಪಾಠ ಹೇಳಿಕೊಟ್ಟರು. ಅರವನ್ನು ಕೈಗೆ ಕೊಟ್ಟೊಡನೆ ಅದು ನೆಲಕ್ಕೆ ಬಿದ್ದ ಠಣ್ ಸದ್ದು ನನ್ನ ಅಂಗಡಿಗೆ ಕೇಳಿಸಿತು.

"ಬರ್ರ್ ಅನ್ನೋ ಯಂತ್ರಾನ ಬಾಯೊಳಗೆ ತಿರುಗಿಸ್ತೀಯ. ಬೆರಳುದ್ದದ ಕಬ್ಬಿಣಕ್ಕೆ ಬೆವರ್ತೀಯಲ್ಲೋ!" ಎಂದರು ಅಜ್ಜ.

"ಅಭ್ಯಾಸ ಇಲ್ಲ ಅಜ್ಜ."

"ಸ್ಕೂಲಲ್ಲಿ ಹಕ್ಕಿ ಅಂದ್ಯಂತೆ. ಹಕ್ಕಿ ಹೀಗೆ ನೆಲಕ್ಕೆ ಬೀಳುತ್ತಾ?"

ಒಂದು ಮಧ್ಯಾಹ್ನ ಅವನು ಸ್ಟ್ರಾ ಬಾಯಲ್ಲಿಟ್ಟುಕೊಂಡೇ ನನ್ನನ್ನು ಕೇಳಿದ: "ಅಣ್ಣಾ, ದೇವರಿಗೆ ಒಂದ್ಸಲ ಹೇಳಿದ್ದನ್ನ ವಾಪಸ್ ತಗೊಳ್ಳೋಕಾಗುತ್ತಾ?"

"ಯಾವುದನ್ನ?"

"ಸುಮ್ನೆ ಕೇಳ್ದೆ." ಕಾಫಿ ಹಾಗೇ ಬಿಟ್ಟು ಎದ್ದುಹೋದ.

ಆ ದಿನ ಬಂತು. ನಸುಕಿನಲ್ಲೇ ಕತ್ತಿಗಳು ಹಲಗೆಯ ಮೇಲೆ ಟಕಟಕ ಎನ್ನತೊಡಗಿದವು. ಮಂಡ್ರ ಹಂದಿಯನ್ನು ತಾನೇ ಮುಂದೆ ನಿಂತು ಕೊಚ್ಚಿಸಿದ. ಒಂದೆರಡು ಸಲ ಕಣ್ಣು ಒದ್ದೆಯಾದದ್ದು ಈರುಳ್ಳಿಯಿಂದ ಎಂದ. ಚಾವಡಿಯ ಮೇಲೆ ಎತ್ತರದ ಮಂಚ, ಅದರ ಕೆಳಗೆ ವಾದ್ಯದವರು. ಹುಡುಗ ಹುಡುಗಿಯರು ಹಳದಿ, ಬಿಳಿ ಉಟ್ಟು ಸಾಲಾಗಿ ಕೂತಿದ್ದರು. ಒಬ್ಬೊಬ್ಬರನ್ನೇ ಅವರವರ ಅಪ್ಪ ಕೈಹಿಡಿದು ಮಂಚಕ್ಕೆ ಹತ್ತಿಸಿ, ಮೇಲೆ ಹೊಸ ಬಟ್ಟೆ ಹೊದಿಸಿ, ಕಾಲು ಹಿಡಿದು ಕೂರುತ್ತಿದ್ದ. ಹಲ್ಲು ಕೂಡದಿರಲೆಂದು ಬಾಯಲ್ಲಿ ಕಬ್ಬಿನ ತುಂಡು ಇಡುತ್ತಿದ್ದರು. ಲಾನುಸ್ ಅಜ್ಜ ಮಂತ್ರ ಹೇಳುತ್ತಿದ್ದರು. ಡಾಕ್ಟರ್ ರೆಂತ ಅರ ಆಡಿಸುತ್ತಿದ್ದ. ಮೊದಲು ಅರವನ್ನು ಎರಡು ಮೂರು ಸಲ ಬಟ್ಟೆಗೆ ಒರೆಸಿಕೊಂಡ. ಆಮೇಲೆ ಕೈಗೆ ತನ್ನ ಕಸುಬು ನೆನಪಾಯಿತು. ಚೆನ್ನಾಗಿಯೇ ಮಾಡುತ್ತಿದ್ದ.

ಸಾದ್ರಿಯ ಸರದಿ ಬಂದಾಗ ಕೆಲಸ ನಿಂತಿತು. ಅವಳ ಸೋದರಮಾವ ಬರಬೇಕಿತ್ತು, ಬಂದಿರಲಿಲ್ಲ. ಸ್ಕೂಲಿನಲ್ಲಿ ಅಷ್ಟು ಚುರುಕಾಗಿ ಮಾತಾಡಿದ ಹುಡುಗಿ ಈಗ ಮಂಚದ ಮೆಟ್ಟಿಲ ಮೇಲೆ ಗಡಗಡ ನಡುಗುತ್ತಿದ್ದಳು. ತಾಯಿ ಅತ್ತ ಇತ್ತ ನೋಡಿದಳು. ಹೆಂಗಸರು ಗುಸುಗುಸು ಎಂದರು.

ನಾಂಗ್ ರೆಂತ ಮೂಲೆಯಿಂದ ಎದ್ದು ಬಂದ. ಅವನ ಕಂಕುಳಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಲವಂಗದ ವಾಸನೆ ಅಡರಿತು. ಒಳಗೆ ಜರಿಯ ಹಳದಿ ಬಟ್ಟೆ. ಮಡಿಸಿದ ಗೆರೆಗಳಲ್ಲಿ ಬಣ್ಣ ಹೋಗಿತ್ತು.

"ಯಾರದ್ದು ಮಾವ ಇಷ್ಟು ಚೆಂದದ ಬಟ್ಟೆ?" ಎಂದಳು ನನ್ನ ಹೆಂಡತಿ.

"ನನ್ನ ಮಗಂಗೆ ಅಂತ ತಂದಿದ್ದು. ಅವಂದು ಆಯ್ತಲ್ಲ."

ಅರ ಹಿಡಿದ ಡಾಕ್ಟರ್ ರೆಂತ ಮಂಚದ ತಲೆಯ ಕಡೆ ನಿಂತಿದ್ದ. ಮುದುಕ ಅವನ ಕಡೆ ನೋಡಲಿಲ್ಲ. ಸಾದ್ರಿಯ ಕೈಹಿಡಿದು ಹತ್ತಿಸಿದ, ಬಟ್ಟೆ ಹೊದಿಸಿ ಕತ್ತಿನವರೆಗೂ ಸರಿಮಾಡಿದ, ಅವಳ ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತ.

"ಹೆದರ್ಬೇಡ ಮಗಾ," ಎಂದ. "ನಾನಿದ್ದೀನಿ. ನಿನ್ನ ಕಾಲು ನನ್ನ ಕೈಲಿದೆ. ಎಲ್ಲಿಗೂ ಬೀಳಲ್ಲ ನೀನು. ನಾನು ಎಷ್ಟು ದಿನದಿಂದ ಇದಕ್ಕೇ ಕಾದಿದ್ದೀನಿ ಗೊತ್ತಾ? ಬಾಯಿ ತೆರಿ. ಹಾಂ, ಜಾಣ ನೀನು."

ಹುಡುಗಿಗೆ "ಜಾಣ" ಅಂದದ್ದನ್ನು ಯಾರೂ ಗಮನಿಸಲಿಲ್ಲ. ಮುದುಕ ಆ ಮಾತುಗಳನ್ನು ಹಾಗೆಯೇ ಬಾಯಿಪಾಠ ಮಾಡಿಟ್ಟಿದ್ದನೆಂದು ಕಾಣುತ್ತದೆ.

ಡಾಕ್ಟರ್ ರೆಂತ ಅರ ಇಟ್ಟ. ಒಮ್ಮೆ, ಎರಡು ಸಲ, ಮೂರು ಸಲ.

"ಸಾಕು," ಎಂದರು ಲಾನುಸ್ ಅಜ್ಜ.

ಅರ ಗಾಳಿಯಲ್ಲೇ ನಿಂತಿತು. "ಸಾಕಾ?"

"ಮಗು ಹೆದರಿದೆ. ಹೆದರಿದೋರಿಗೆ ಮೂರು ಸಲ ಮುಟ್ಟಿಸಿದ್ರೆ ಸಾಕು. ಶಾಸ್ತ್ರ ಆಯ್ತು. ಎದ್ದೇಳವ್ವ."

ಸಾದ್ರಿ ಎದ್ದು, ಬಾಯಲ್ಲಿದ್ದ ಪುಡಿಯನ್ನು ಎಳೆಯ ತೆಂಗಿನ ಚಿಪ್ಪಿಗೆ ಉಗುಳಿ, ಕನ್ನಡಿ ನೋಡಿಕೊಂಡಳು. "ಇಷ್ಟೇನಾ?" ಎಂದಳು.

ಇಡೀ ಚಾವಡಿ ನಕ್ಕಿತು. ಡಾಕ್ಟರ್ ರೆಂತ ಮಾತ್ರ ನಿಂತೇ ಇದ್ದ. ಗವಸು ನೋಡನೋಡುತ್ತಿದ್ದಂತೆ ಮೇಲಿನಿಂದ ಕೆಳಗೆ ಒದ್ದೆಯಾಗುತ್ತಾ ಹೋಯಿತು.

"ನೋಡ್ರಪ್ಪಾ," ಎಂದ ಮಂಡ್ರ, ಬಾಯಲ್ಲಿ ಮಾಂಸವಿಟ್ಟುಕೊಂಡೇ. "ಮಾಡೋ ಕೆಲಸದ ಮೇಲೆ ಎಷ್ಟು ಭಕ್ತಿ! ಕಣ್ಣೀರೇ ಬಂತು. ಡಾಕ್ಟ್ರು ಅಂದ್ರೆ ಹೀಗಿರ್ಬೇಕು."

ಮರುದಿನ ಮಧ್ಯಾಹ್ನ ನಾಂಗ್ ರೆಂತ ದವಾಖಾನೆಗೆ ಬಂದ. ಅವನು ಅಲ್ಲಿಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಳಗೆ ಬಾಗಿಲು ಮುಚ್ಚಿದ ಸದ್ದಾಯಿತು. ನಾನು ಸಕ್ಕರೆ ಡಬ್ಬಿ ಒರೆಸಲು ಗೋಡೆಯ ಹತ್ತಿರ ಹೋದೆ. ಬಿದಿರಿನ ಹೆಣಿಗೆಯಲ್ಲಿ ಅಲ್ಲೊಂದು ಸಂದಿಯಿದೆ.

"ಕೂರು," ಎಂದ ಮುದುಕ.

"ಎಲ್ಲಿ?"

"ಅಲ್ಲೇ. ಜನ ಕೂರೋ ಕಡೆ."

ರೆಂತ ತನ್ನದೇ ಕುರ್ಚಿಯ ಮೇಲೆ ಕೂತ. ಆ ಕುರ್ಚಿಗೆ ಹಿಂದಕ್ಕೆ ಒರಗುವುದು ಹೇಗೆಂದು ಅವನಿಗೇ ತಿಳಿಯದೆ ಒದ್ದಾಡಿದ.

"ಗವಸು ತೆಗಿ. ಬಾಯಿ ತೆರಿ."

ಮುದುಕ ಬಹಳ ಹೊತ್ತು ಬಗ್ಗಿ ನೋಡಿದ. "ನಿಮ್ಮ ತಾತಂದೇ ಕೋರೆ," ಎಂದ ಕೊನೆಗೆ. "ಹಾಗೇ ಇದೆ. ಮುಚ್ಚು. ಆ ಹುಡುಗಿ ಸ್ಕೂಲಲ್ಲಿ ಕೇಳಿದ್ಲಂತಲ್ಲ, ಯಾಕೆ ಈ ಕೆಲಸಕ್ಕೆ ಸೇರಿದ್ರಿ ಅಂತ. ಈಗ ನಾನು ಕೇಳ್ತಿದ್ದೀನಿ. ಮೈಕಿಲ್ಲ ಇಲ್ಲಿ."

"ಹೆದರಿಕೆಗೆ ಅಪ್ಪ."

"ಏನು?"

"ಚಿಕ್ಕೋನಿದ್ದಾಗ ದೊಡ್ಡಪ್ಪನ ಮಗನಿಗೆ ಅರ ಹಾಕಿಸಿದ್ರಲ್ಲ. ಆ ಕರ್ ಕರ್ ಸದ್ದು. ದೊಡ್ಡ ದೊಡ್ಡ ಗಂಡಸರು ಅವನ ಕಾಲು ಅದುಮಿ ಹಿಡಿದಿದ್ರು. ಇಷ್ಟು ಜನ ಹಿಡೀಬೇಕಾದ್ರೆ ಎಂಥಾ ನೋವೋ ಅಂದ್ಕೊಂಡೆ. ಆಮೇಲೆ ಯೋಚ್ನೆ ಮಾಡ್ದೆ, ಇಂಥ ಕೋಣೇಲಿ ಬಾಯಿ ತೆರೀಬೇಕಾಗಿಲ್ದೆ ಇರೋನು ಅಂದ್ರೆ ಡಾಕ್ಟ್ರು ಒಬ್ನೇ. ಹಾಗಾಗಿ ಡಾಕ್ಟ್ರಾದೆ."

ಮುದುಕ ಗಂಟಲಲ್ಲಿ ಒಂದು ಸದ್ದು ಮಾಡಿದ. ನಗುವೋ ಬೇರೆಯೋ ತಿಳಿಯಲಿಲ್ಲ.

"ನನ್ನ ಸರದಿ ಬಂದಾಗ ಕಾಲು ಹಿಡಿದ ಚಿಕ್ಕಪ್ಪನ ಹಲ್ಲು ಒದ್ದು ಬೀಳಿಸಿದ್ದೆ ಕಣೋ. ಲಾನುಸ್‌ಗೆ ಇವತ್ತಿಗೂ ನೆನಪಿದೆ. ಎಲ್ರೂ ಹೆದರ್ತಾರೆ. ಕಾಲು ಹಿಡಿಯೋದು ಮತ್ಯಾಕೆ ಅಂದ್ಕೊಂಡೆ? ಹೇಳೋದಲ್ವಾ? ಒಂದು ಮಾತು ಹೇಳಿದ್ರೆ ಮೂರು ಸಲ ಮುಟ್ಟಿಸಿ ಎಬ್ಬಿಸ್ತಿದ್ವಿ."

"ಈಗ ಹಾಕ್ಸೋಣ ಅಪ್ಪ. ನೀನೇ ಕಾಲು ಹಿಡಿ."

"ಯಾವ ಮುಖ ಇಟ್ಕೊಂಡು? ಹಿರಿಯರ ಮುಂದೆ ಆಗಿದೆ ಅಂದಿದ್ದೀನಿ. ನೀನು ಅಷ್ಟು ಮಕ್ಕಳ ಹಲ್ಲಿಗೆ ಅರ ಇಟ್ಟಿದ್ದೀಯ. ಈಗ ಇಲ್ಲ ಅಂದ್ರೆ ಆ ಮಕ್ಕಳದ್ದೂ ಆಗಿಲ್ಲ ಅಂತಾಗುತ್ತೆ. ಸಾದ್ರೀದೂ ಸೇರಿ."

"ಸತ್ತ ಮೇಲಾದ್ರೂ ಹಾಕ್ತಾರಲ್ಲ, ಹೆಣಕ್ಕೆ?"

"ಆಗದೆ ಇದ್ದೋರಿಗೆ ಹಾಕ್ತಾರೆ. ನಿಂದು ಆಗಿದೆಯಲ್ಲ."

ಹೊರಗೆ ಯಾರೋ ದವಡೆ ಹಿಡಿದುಕೊಂಡು ಬೆಂಚಿನ ಮೇಲೆ ಬಂದು ಕೂತರು.

"ಹಾಗಾದ್ರೆ ನನಗೆ ಅಲ್ಲಿ ಬಾಗಿಲು ತೆಗಿಯಲ್ಲ," ಎಂದ ರೆಂತ. ತಲೆ ನೆರೆತ ಮನುಷ್ಯ ಹತ್ತು ವರ್ಷದ ಹುಡುಗನ ದನಿಯಲ್ಲಿ ಹೇಳಿದ.

ಮುದುಕ ಟ್ರೇಯ ಮೇಲಿದ್ದ ಹಸಿರು ಗವಸನ್ನು ಎತ್ತಿಕೊಂಡು, ಅದರ ಎರಡು ದಾರಗಳನ್ನು ಬಿಡಿಸಿ, ಮಗನ ಕಿವಿಗಳಿಗೆ ಒಂದೊಂದಾಗಿ ಸಿಕ್ಕಿಸಿದ. ಮೂಗಿನ ಮೇಲೆ ಒತ್ತಿ ಸರಿಮಾಡಿದ.

"ನಾನು ಮೊದ್ಲೇ ಹೋಗಿರ್ತೀನಲ್ಲ. ಬಾಗಿಲ ಹತ್ರಾನೇ ಬುಟ್ಟಿ ಹೆಣೀತಾ ಕೂತಿರ್ತೀನಿ," ಎಂದ. "ನೀನು ಬರೋವಾಗ ಇದನ್ನ ಹಾಕ್ಕೊಂಡೇ ಬಾ. ಒಳಗೆ ಬರೋ ತನಕ ತೆಗೀಬೇಡ."